ಮುಳಬಾಗಿಲ ಶಾಸನಗಳೂ ಅಕ್ಷರವನ್ನೋದುವ ಯಂತ್ರವೂ

'ಶಿವತತ್ತ್ವ ಚಿಂತಾಮಣಿ'ಯ ಹೆಸರನ್ನು ಕೇಳದ ವಾಚಕರು ಈ ಪತ್ರಿಕೆಗೆ ಬಹುಶಃ ಇಲ್ಲ. ಅದನ್ನು ರಚಿಸಿದ ಲಕ್ಕಣ್ಣ ದಂಡೇಶನು ವಿಜಯನಗರದ ಎರಡನೆಯ ದೇವರಾಯನ ಮಂತ್ರಿಯೂ ದಂಡನಾಯಕನೂ ಆಗಿದ್ದನೆಂಬುದು ತಮಗೆ ವಿದಿತವೇ ಇದೆ. ಆದರೆ ಆ ಮಹನೀಯನು ಒಂದು ಕಾಲದಲ್ಲಿ ಈ ನಮ್ಮ ಮುಳಬಾಗಿಲಿನಲ್ಲಿಯೇ ನೆಲಸಿ ಮುಳುವಾಯಿ ರಾಜ್ಯದ ಆಡಳಿತವನ್ನು ನಡೆಸುತ್ತಿದ್ದನೆಂಬುದನ್ನೂ, ಅವನ ಸಹೋದರ ಮಾದಣ್ಣನು ಇಂದಿನ ಮಾಲೂರು ತಾಲ್ಲೂಕಿನ ಟೇಕಲ್ಲಿನಲ್ಲಿ ಅಧಿಕಾರದಲ್ಲಿದ್ದನೆಂಬುದನ್ನೂ ಎಷ್ಟು ಮಂದಿ ಬಲ್ಲರು? ಈ ಸಂಗತಿಗಳನ್ನು ನಮಗೆ ಉಳಿಸಿಕೊಟ್ಟವು ಊರಾಚೆಯ ಕಲ್ಲುಗಳು. ಅನಂತರ ಲಕ್ಕಣ್ಣನು ಮಧುರೆಯ ಕಡೆಗೆ ನಿಯುಕ್ತನಾಗಿ ದಕ್ಷಿಣ ಸಮುದ್ರಾಧೀಶ್ವರನೆಂಬ ಬಿರುದನ್ನು ಪಡೆದನೆಂಬುದಕ್ಕೂ ಶಾಸನಗಳೇ ಸಾಕ್ಷಿ.

ಕಲ್ಲಿನ ಮೇಲಿನ ಅಕ್ಷರ ಪುಸ್ತಕದ ಪುಟಕ್ಕೆ ತಾನಾಗಿ ನಡೆದು ಬರುವುದಿಲ್ಲ. ಯಾರೋ ಒಬ್ಬರು ಅದನ್ನು ಕಂಡು, ಪಡಿಯೆತ್ತಿ, ಓದಿ, ಬರೆದು, ಅಚ್ಚು ಹಾಕಿಸಬೇಕು. ಈಗ ಆ ಕೆಲಸದ ಒಂದಷ್ಟು ಪಾಲನ್ನು ಗಣಕಯಂತ್ರವು ವಹಿಸಿಕೊಳ್ಳುತ್ತಿದೆ. ಛಾಯಾಚಿತ್ರವೊಂದನ್ನು ಅದರ ಮುಂದಿಟ್ಟರೆ ಅದರೊಳಗಿನ ಬರಹವನ್ನು ಹೆಕ್ಕಿ ಅಕ್ಷರಗಳಾಗಿ ಕೊಡುವ ಈ ವಿದ್ಯೆಗೆ ಓಸಿಆರ್ ಎಂದು ಹೆಸರು. ಇದು ದಿಢೀರನೆ ಆಕಾಶದಿಂದ ಇಳಿದ ವಿದ್ಯೆಯೆಂದು ನಮ್ಮ ತರುಣರು ಭಾವಿಸಿರುವಂತಿದೆ. ನಮ್ಮ ನಾಡಿನ ಮಟ್ಟಿಗಾದರೂ ಇದಕ್ಕೊಂದು ದೀರ್ಘವಾದ ಪೂರ್ವಚರಿತ್ರೆಯಿದೆ.

ಟಿಪ್ಪುವಿನ ಪತನಾನಂತರ ಮೈಸೂರು ಸೀಮೆಯನ್ನು ಮೋಜಣಿ ಮಾಡಿದ ಕಾಲಿನ್ ಮೆಕೆಂಜಿಯು ತನ್ನ ದೇಶೀಯ ಸಹಾಯಕರ ಮೂಲಕ ಊರೂರಿನ ಶಾಸನಗಳನ್ನು ಕೈಬರಹದಲ್ಲಿ ನಕಲು ಮಾಡಿಸಿದನು. ಕಾವಲಿ ವೆಂಕಟ ಬೊರಯ್ಯ ಮತ್ತು ಲಕ್ಷ್ಮಯ್ಯ ಸಹೋದರರು ಈ ಕಾರ್ಯದಲ್ಲಿ ಪ್ರಮುಖರು. ಕೈನಕಲಿನ ತೊಡಕು ಸ್ಪಷ್ಟವೇ ಇದೆ: ನಕಲುಗಾರನಿಗೆ ಓದಲು ಬಂದಷ್ಟೇ ಕಾಗದಕ್ಕೆ ಇಳಿಯುತ್ತದೆ, ಅವನು ತಪ್ಪಾಗಿ ಗ್ರಹಿಸಿದ್ದನ್ನು ತಿದ್ದಲು ಮತ್ತೆ ಆ ಊರಿಗೇ ಹೋಗಬೇಕು. 1865ರಲ್ಲಿ ಮೈಸೂರು ಸರ್ಕಾರದ ಪರವಾಗಿ ಮೇಜರ್ ಡಿಕ್ಸನ್ ಎಂಬ ಸೇನಾಧಿಕಾರಿಯು ಶಿಲಾಶಾಸನ, ತಾಮ್ರಶಾಸನಗಳ ಛಾಯಾಚಿತ್ರಗಳನ್ನು ತೆಗೆದನು. ಆ ಚಿತ್ರಸಂಗ್ರಹವು ಕಾಲಕ್ರಮದಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿದ ಬಿ. ಎಲ್. ರೈಸರ ಕೈ ಸೇರಿತು. ಅವರು ಅವುಗಳನ್ನು ಓದಿ, ಅನುವಾದಿಸಿ 1879ರಲ್ಲಿ 'ಮೈಸೂರ್ ಇನ್‌ಸ್ಕ್ರಿಪ್ಷನ್ಸ್' ಎಂಬ ಗ್ರಂಥವನ್ನು ಪ್ರಕಟಿಸಿದರು. ಚಿತ್ರದಿಂದ ಪಠ್ಯವನ್ನು ಹೆಕ್ಕುವ ಕಾರ್ಯ ಕನ್ನಡ ನಾಡಿನಲ್ಲಿ ಗ್ರಂಥರೂಪಕ್ಕೆ ಬಂದುದು ಹೀಗೆ. ಯಂತ್ರದ ಸ್ಥಾನದಲ್ಲಿ ಆಗ ಒಬ್ಬ ವಿದ್ವಾಂಸನಿದ್ದನು, ಅಷ್ಟೇ ಅಂತರ.

ಆದರೆ ಛಾಯಾಚಿತ್ರದಿಂದ ಎಲ್ಲವೂ ಸಾಧಿಸದು. ಬಿಸಿಲು ನೆತ್ತಿಯ ಮೇಲಿದ್ದಾಗ ಸವೆದ ಕಲ್ಲಿನ ಅಕ್ಷರ ಕಣ್ಣಿಗೆ ಕಾಣಿಸುವುದಿಲ್ಲ. ಓರೆ ಬಿಸಿಲಿನಲ್ಲಿ ಮಾತ್ರ ಗೆರೆಯ ಅಂಚಿಗೆ ನೆರಳು ಬಿದ್ದು ಅದು ಎದ್ದು ತೋರುತ್ತದೆ. ಆದುದರಿಂದ ಶಾಸನಶಾಸ್ತ್ರಜ್ಞರು ಪಡಿಯಚ್ಚಿನ ಮಾರ್ಗವನ್ನು ಹಿಡಿದರು. ಅದರ ಕ್ರಮವನ್ನು ನೋಡದಿದ್ದವರಿಗಾಗಿ ಸ್ವಲ್ಪ ವಿವರಿಸುವುದು ಯುಕ್ತ. ಮೊದಲು ಕಲ್ಲಿನ ಮೇಲಿನ ಪಾಚಿ, ಸುಣ್ಣ, ಎಣ್ಣೆಯ ಜಿಡ್ಡುಗಳನ್ನು ನೀರು ಹಾಕಿ ಉಜ್ಜಿ ತೆಗೆಯಬೇಕು. (ಭಕ್ತಾದಿಗಳು ವೀರಗಲ್ಲಿಗೂ ಶಾಸನದ ಕಲ್ಲಿಗೂ ವರ್ಷ ವರ್ಷವೂ ಬಳಿಯುವ ಸುಣ್ಣವು ಅಕ್ಷರದ ಶತ್ರುವೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ.) ಬಳಿಕ ತೆಳುವಾದ ಗಟ್ಟಿ ಕಾಗದವನ್ನು ನೆನೆಸಿ ಕಲ್ಲಿಗೆ ಹೊದಿಸಿ, ಕುಂಚದಿಂದ ಹದವಾಗಿ ಬಡಿಯುತ್ತಾರೆ. ಕಾಗದವು ಅಕ್ಷರದ ಗುಳಿಗಳೊಳಕ್ಕೆ ಇಳಿಯುತ್ತದೆ. ಅದು ಅರೆ ಒಣಗಿದಾಗ ಮಸಿ ಹೀರಿದ ಬಟ್ಟೆಯ ಉಂಡೆಯನ್ನು ಮೇಲೆ ಮೆಲ್ಲನೆ ಒತ್ತುತ್ತಾ ಹೋದರೆ, ಸಮತಲವೆಲ್ಲ ಕಪ್ಪಾಗಿ ಗುಳಿಗಿಳಿದ ಅಕ್ಷರಗಳು ಬೆಳ್ಳಗೆ ಉಳಿಯುತ್ತವೆ. ಕಾಗದವನ್ನು ಬಿಡಿಸಿಕೊಂಡರೆ ಕಲ್ಲು ಅಳಿದರೂ ಅದರ ಬರಹ ನಮ್ಮ ಕೈಯಲ್ಲಿ ಉಳಿಯುತ್ತದೆ. ಕಪ್ಪು ಬಿಳುಪೆಂಬ ಎರಡೇ ಬಣ್ಣಗಳಿಗೆ ಇಡೀ ಕಲ್ಲನ್ನು ಇಳಿಸುವ ಈ ಉಪಾಯವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಯಂತ್ರವೂ ಇದನ್ನೇ ಮಾಡುವುದನ್ನು ಕಾಣುವಿರಿ.

ರೈಸರು ಸಂಪಾದಿಸಿದ 'ಎಪಿಗ್ರಾಫಿಯ ಕರ್ನಾಟಿಕ'ದ ಹತ್ತನೆಯ ಸಂಪುಟ ಕೋಲಾರ ಜಿಲ್ಲೆಗೆ ಮೀಸಲಾದುದು, 1905ರಲ್ಲಿ ಹೊರಬಂದಿತು. ಸಾವಿರದ ಮುನ್ನೂರಕ್ಕೂ ಮಿಕ್ಕಿದ ಶಾಸನಗಳು ಅದರಲ್ಲಿ ತಾಲ್ಲೂಕುವಾರಾಗಿ ಕ್ರಮಸಂಖ್ಯೆ ಪಡೆದು ಕುಳಿತಿವೆ. ಅರ್ಧಕ್ಕಿಂತ ಹೆಚ್ಚಿನವು ಕನ್ನಡದವಾದರೆ, ತಮಿಳು ಮತ್ತು ತೆಲುಗಿನವೂ ನೂರಾರು. ಗಡಿಸೀಮೆಯಲ್ಲಿ ವಾಸಿಸುವ ನಮಗೆ ಇದು ಆಶ್ಚರ್ಯವಲ್ಲ. ಆವನಿಯ ಗುಡಿಗಳ ಸುತ್ತಲೇ ನೊಳಂಬರ ಕಾಲದ ಕನ್ನಡ ಶಾಸನಗಳುಂಟು. ಅಲ್ಲಿಯ ಸ್ಥಾನವನ್ನು ನಲವತ್ತು ವರ್ಷ ನಡೆಸಿ, ಐವತ್ತು ದೇವಾಲಯಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಕಟ್ಟಿಸಿ, ಕ್ರಿ. ಶ. 961ರಲ್ಲಿ ದೇಹವನ್ನು ಬಿಟ್ಟ ತ್ರಿಭುವನಕರ್ತರ ದೇವನೆಂಬ ಶೈವ ಯತಿಯ ವಿಷಯ ನಮಗೆ ಗೊತ್ತಾದುದು ಅಂತಹ ಒಂದು ಕಲ್ಲಿನಿಂದ. ಅವನನ್ನು ಕಲಿಯುಗ ರುದ್ರನೆಂದು ಕರೆದಿದ್ದಾರೆ. ಬಸವಣ್ಣನವರಿಗೆ ಎರಡು ಶತಮಾನ ಮೊದಲು, ಮಠವೆಂಬ ಸಂಸ್ಥೆಯು ಗುಡಿಯನ್ನೂ ಕೆರೆಯನ್ನೂ ಒಂದೇ ಕೈಯಿಂದ ಕಟ್ಟುತ್ತಿದ್ದುದಕ್ಕೆ ಇದಕ್ಕಿಂತ ಸ್ಫುಟವಾದ ನಿದರ್ಶನ ಈ ಸೀಮೆಯಲ್ಲಿ ನಾನು ಕಾಣೆ. ಆ ಒಂದು ಕಲ್ಲು ಯಾರದೋ ಮನೆಯ ತಳಪಾಯಕ್ಕೆ ಹೋಗಿದ್ದರೆ ತ್ರಿಭುವನಕರ್ತನು ನಮ್ಮ ಪಾಲಿಗೆ ಹುಟ್ಟಿಯೇ ಇರುತ್ತಿರಲಿಲ್ಲ.

ಕಲ್ಲಿನ ಮಾತು ಹೀಗಾದರೆ ಓಲೆಯ ಮಾತು ಇನ್ನೂ ಸೂಕ್ಷ್ಮ. ಬುಕ್ಕರಾಯನ ಮಗ ಕುಮಾರ ಕಂಪಣನು ಮುಳಬಾಗಿಲಿನ ಅಧಿಪತಿಯಾಗಿದ್ದು, ತಮಿಳುನಾಡಿನ ಮೇಲೆ ದಂಡೆತ್ತಿ ಮಧುರೆಯವರೆಗೆ ಹೋದನಷ್ಟೆ. ಅವನ ರಾಣಿ ಗಂಗಾದೇವಿ ಆ ವಿಜಯವನ್ನು 'ಮಧುರಾವಿಜಯ'ವೆಂಬ ಸಂಸ್ಕೃತ ಕಾವ್ಯವಾಗಿ ಬರೆದಳು. ಅದರಲ್ಲಿ ಬರುವ ಕಂಟಕಾನನವೆಂಬ ಪಟ್ಟಣವನ್ನು ವಿದ್ವಾಂಸರು ಮುಳಬಾಗಿಲೆಂದೇ ಗುರುತಿಸಿದ್ದಾರೆ. ಊರ ಹೆಸರಿನ ಮೊದಲಲ್ಲಿ ಮುಳ್ಳು ಕಂಡ ಕವಯಿತ್ರಿ ಅದನ್ನು ಸಂಸ್ಕೃತಕ್ಕೆ ತಿರುಗಿಸಿದಳೆಂದು ಊಹೆ. ಮೂಡಣ ಬಾಗಿಲೇ ಮುಳಬಾಗಿಲಾಯಿತೆಂದು ನಂಬಿರುವ ನಮ್ಮ ಊರಿನ ಹಿರಿಯರಿಗೆ ಇದು ರುಚಿಸಲಿಕ್ಕಿಲ್ಲ! ಇರಲಿ. ಈ ಕಾವ್ಯ ಶತಮಾನಗಳ ಕಾಲ ಕಣ್ಮರೆಯಾಗಿತ್ತು. 1916ರಲ್ಲಿ ತಿರುವನಂತಪುರದ ಒಂದು ಖಾಸಗಿ ಗ್ರಂಥಭಂಡಾರದಲ್ಲಿ, ಸಂಬಂಧವೇ ಇಲ್ಲದ ಎರಡು ಕೃತಿಗಳ ನಡುವೆ ಕಟ್ಟಿಹೋಗಿದ್ದ ಗ್ರಂಥಲಿಪಿಯ ಓಲೆಗಳಲ್ಲಿ ಅದು ಪತ್ತೆಯಾಯಿತು. ನಡುನಡುವೆ ಗರಿಗಳೂ ಅಕ್ಷರಗಳೂ ನಷ್ಟವಾಗಿದ್ದುದರಿಂದ ಇಂದಿಗೂ ಆ ಕಾವ್ಯದಲ್ಲಿ ತೆರಪುಗಳಿವೆ.

ವಚನ ವಾಙ್ಮಯದ ವಿಚಾರದಲ್ಲಿ ಈ ಭಾಗ್ಯವನ್ನು ನಮಗೆ ಒದಗಿಸಿದವರು ರಾವಬಹಾದ್ದೂರ್ ಫ. ಗು. ಹಳಕಟ್ಟಿಯವರು. ವಿಜಯಪುರದಲ್ಲಿ ವಕೀಲರಾಗಿದ್ದ ಅವರು ಮಠಗಳಲ್ಲಿಯೂ ಮನೆಗಳಲ್ಲಿಯೂ ಇದ್ದ ತಾಡೋಲೆಯ ಕಟ್ಟುಗಳನ್ನು ಅರಸಿ, ನಕಲು ಮಾಡಿ, 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಪ್ರಕಟಿಸಿದರು. 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನೂ 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನೂ ಆರಂಭಿಸಿದರು. ಓಲೆಯ ಬರಹದಲ್ಲಿ ಪದಗಳ ನಡುವೆ ತೆರಪಿಲ್ಲ, ವಿರಾಮಚಿಹ್ನೆಯಿಲ್ಲ. ಎಕಾರ ಏಕಾರಗಳಿಗೆ, ಒಕಾರ ಓಕಾರಗಳಿಗೆ ಬಹುಮಟ್ಟಿಗೆ ಭೇದವೂ ಇಲ್ಲ. ಒಂದು ವಚನ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಮೊದಲಾಯಿತೆಂಬುದಕ್ಕೆ ಅಂಕಿತವೇ ಗಡಿಗಲ್ಲು. ಅಂಕಿತದ ಒಂದೆರಡು ಅಕ್ಷರ ತಪ್ಪಿದರೆ ಒಬ್ಬ ಶರಣರ ವಚನ ಮತ್ತೊಬ್ಬರ ಹೆಸರಿಗೆ ಹೋಗುತ್ತದೆ. ಲಿಪಿಕಾರರೂ ಇದನ್ನು ಬಲ್ಲವರೇ. ಪ್ರತಿಯ ಕೊನೆಯಲ್ಲಿ, ತಪ್ಪಿದ್ದರೆ ಬಲ್ಲವರು ತಿದ್ದಿ ಓದಿಕೊಳ್ಳಬೇಕೆಂದು ಬೇಡಿಕೊಳ್ಳುವುದು ಅವರ ವಾಡಿಕೆಯಾಗಿತ್ತು. ಯಂತ್ರಕ್ಕೆ ಈ ವಿನಯ ಇಲ್ಲವೆಂಬುದು ನನ್ನ ಮೊದಲ ಆಕ್ಷೇಪ.

ಇನ್ನು ಯಂತ್ರದ ವಿಚಾರ. ಅಚ್ಚಾದ ಪುಟವನ್ನು ಓದಿ ಹೇಳುವ ಯಂತ್ರವನ್ನು ಅಂಧರ ಉಪಯೋಗಕ್ಕಾಗಿ ಅಮೆರಿಕದ ರೇ ಕರ್ಜ್‌ವೈಲ್ 1976ರಲ್ಲಿ ಲೋಕಕ್ಕೆ ತೋರಿಸಿದನು. ಇಂದು ಹೆಚ್ಚು ಬಳಕೆಯಲ್ಲಿರುವ ಟೆಸರ್ಯಾಕ್ಟ್ ಎಂಬ ತಂತ್ರಾಂಶವು 1985ರಿಂದ ಸುಮಾರು ಹತ್ತು ವರ್ಷ ಹ್ಯೂಲೆಟ್ ಪ್ಯಾಕರ್ಡ್ ಸಂಸ್ಥೆಯಲ್ಲಿ ರೂಪುಗೊಂಡು, ಬಳಿಕ ಕಪಾಟಿನಲ್ಲಿ ಕುಳಿತು, 2005ರಲ್ಲಿ ಸರ್ವರಿಗೂ ಮುಕ್ತವಾಯಿತು. 2006ರಿಂದ ಗೂಗಲ್ ಅದರ ಬೆಳವಣಿಗೆಗೆ ಆಶ್ರಯವಿತ್ತಿತು. ಅದಕ್ಕೆ ಇಂದು ಕನ್ನಡವೂ ಬರುತ್ತದೆ. ಪೈಥಾನ್ ಭಾಷೆಯಲ್ಲಿ ಕ್ರಮವಿಧಿ ಬರೆಯಬಲ್ಲ ನಮ್ಮ ಹಳೆಯ ವಿದ್ಯಾರ್ಥಿಗಳು ನಾಲ್ಕೈದು ಸಾಲುಗಳಲ್ಲಿ ಅದನ್ನು ಕರೆದು, ಭಾಷೆ ಕನ್ನಡವೆಂದು ಸೂಚಿಸಿ, ಪುಟದ ಚಿತ್ರವನ್ನು ಒಪ್ಪಿಸಿದರೆ ಸಾಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕ ಎ. ಜಿ. ರಾಮಕೃಷ್ಣನ್ ಅವರೂ ಎಚ್. ಆರ್. ಶಿವಕುಮಾರ್ ಅವರೂ ಕನ್ನಡ ಲಿಪಿಗೆಂದೇ ಸಿದ್ಧಪಡಿಸಿದ 'ಲಿಪಿ ಜ್ಞಾನಿ'ಯು ಕನ್ನಡವಷ್ಟೇ ಅಲ್ಲದೆ, ಕನ್ನಡ ಲಿಪಿಯಲ್ಲಿ ಅಚ್ಚಾದ ಸಂಸ್ಕೃತ, ತುಳು, ಕೊಂಕಣಿಗಳನ್ನೂ ಗುರಿಯಲ್ಲಿಟ್ಟುಕೊಂಡದ್ದು. ಸಂಸ್ಕೃತ ಶ್ಲೋಕವನ್ನು ಕನ್ನಡ ಲಿಪಿಯಲ್ಲಿಯೇ ಓದಿ ಬೆಳೆದ ನಮ್ಮಂಥವರಿಗೆ ಇದರ ಬೆಲೆ ಗೊತ್ತು.

ಯಂತ್ರವು ಓದುವ ಬಗೆ ಹೇಗೆ? ಅದಕ್ಕೆ ಚಿತ್ರವೆಂದರೆ ಚುಕ್ಕೆಗಳ ರಾಶಿ. ಪ್ರತಿ ಚುಕ್ಕೆಗೂ ಬೆಳಕಿನ ಒಂದು ಅಂಕಿ. ಮೊದಲು ಅದು ಎಲ್ಲ ಚುಕ್ಕೆಗಳನ್ನೂ ಕಪ್ಪು, ಬಿಳುಪು ಎಂದು ಎರಡೇ ಪಾಲು ಮಾಡುತ್ತದೆ. ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದಕ್ಕೆ ಜಪಾನಿನ ನೊಬುಯುಕಿ ಓಟ್ಸು 1979ರಲ್ಲಿ ಪ್ರಕಟಿಸಿದ ಗಣಿತ ಇಂದಿಗೂ ಉಪಯೋಗದಲ್ಲಿದೆ. ಪಡಿಯಚ್ಚಿನವನು ಮಸಿಯುಂಡೆಯಿಂದ ಮಾಡಿದ್ದನ್ನೇ ಇದು ಲೆಕ್ಕದಿಂದ ಮಾಡಿತು. ತರುವಾಯ ಓರೆಯಾದ ಪುಟವನ್ನು ನೆಟ್ಟಗೆ ಮಾಡಿ, ಸಾಲುಗಳನ್ನು ಬಿಡಿಸುತ್ತದೆ. ಹಿಂದಿನ ಯಂತ್ರಗಳು ಒಂದೊಂದು ಅಕ್ಷರವನ್ನೂ ಕತ್ತರಿಸಿ ತೆಗೆದು, ತಮ್ಮಲ್ಲಿರುವ ಮಾದರಿಗಳ ಜೊತೆ ಹೋಲಿಸುತ್ತಿದ್ದವು. 2018ರಲ್ಲಿ ಬಂದ ಟೆಸರ್ಯಾಕ್ಟಿನ ನಾಲ್ಕನೆಯ ಆವೃತ್ತಿಯು ಇಡೀ ಸಾಲನ್ನು ಎಡದಿಂದ ಬಲಕ್ಕೆ ಒಂದೇ ಓಟದಲ್ಲಿ ನೋಡುತ್ತದೆ. ಲಕ್ಷಾಂತರ ಸಾಲುಗಳನ್ನು ಉತ್ತರಸಹಿತ ತೋರಿಸಿ ಅದನ್ನು ಪಳಗಿಸಿರುತ್ತಾರೆ. ಬಾಲಕನಿಗೆ ಉಪಾಧ್ಯಾಯರು ತಿದ್ದಿಸಿದಂತೆಯೇ ಸರಿ, ಸಂಖ್ಯೆ ಮಾತ್ರ ಅಪಾರ.

ಇಂಗ್ಲಿಷಿನಲ್ಲಿ ಸುಲಭವಾದುದು ಕನ್ನಡದಲ್ಲಿ ಏಕೆ ಕಠಿಣ? ಮೂವತ್ತನಾಲ್ಕು ವ್ಯಂಜನಗಳು, ಅವುಗಳ ಗುಣಿತಾಕ್ಷರಗಳು, ಕೆಳಗೆ ಬಲಕ್ಕೆ ನೇತುಬೀಳುವ ಒತ್ತುಗಳು, ಇವೆಲ್ಲ ಸೇರಿ ಆಕೃತಿಗಳು ಸಾವಿರಾರಾಗುತ್ತವೆ. ಹಳೆಯ ಮೊಳೆಯಚ್ಚಿನ ಪುಸ್ತಕದಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಗಲುವುದುಂಟು. ಯಂತ್ರವು ಎರಡನ್ನೂ ಒಂದೇ ಅಕ್ಷರವೆಂದು ಭ್ರಮಿಸುತ್ತದೆ. ದಕಾರ ಧಕಾರಗಳಿಗೆ, ಬಕಾರ ಭಕಾರಗಳಿಗೆ ಇರುವ ಭೇದ ಕೆಳಗಿನ ಒಂದು ಸೀಳು ಮಾತ್ರ. ಮಸಿ ತುಸು ಹರಡಿದರೆ ಭಕ್ತನು ಬಕ್ತನಾಗುತ್ತಾನೆ. 'ಮ' ಮತ್ತು 'ವು' ಇವುಗಳ ಸಾದೃಶ್ಯವಂತೂ ಪ್ರಸಿದ್ಧ: 'ಮನ'ವು 'ವುನ'ವಾಗಿ ಹೊರಬೀಳುತ್ತದೆ. ಅನುಸ್ವಾರದ ಸೊನ್ನೆಯೂ ಅಂಕಿಯ ಸೊನ್ನೆಯೂ ನೋಟಕ್ಕೆ ಒಂದೇ. ಯಂತ್ರವು 'ಲಿಂಗ'ವೆಂಬಲ್ಲಿ ನಡುವೆ ಅಂಕಿಯ ಸೊನ್ನೆಯನ್ನು ಇಟ್ಟರೆ ಓದುವವರ ಕಣ್ಣಿಗೆ ದೋಷವೇ ಕಾಣದು. ಆದರೆ ಮುಂದೆ ಯಾರಾದರೂ ಆ ಗ್ರಂಥದಲ್ಲಿ 'ಲಿಂಗ' ಎಂಬ ಪದವನ್ನು ಹುಡುಕಿಸಿದಾಗ ಆ ಸ್ಥಳ ಸಿಕ್ಕುವುದೇ ಇಲ್ಲ. ಗ್ರಂಥದಲ್ಲಿದ್ದೂ ಇಲ್ಲದಂತಾಗುವ ಇಂತಹ ತಪ್ಪು ಎಲ್ಲಕ್ಕಿಂತ ಕೆಟ್ಟದ್ದು.

ಇದಕ್ಕಿಂತಲೂ ಯೋಚಿಸಬೇಕಾದ ವಿಷಯ ಒಂದುಂಟು. ಹೊಸ ಯಂತ್ರಗಳು ಆಕೃತಿಯನ್ನು ಮಾತ್ರ ನೋಡುವುದಿಲ್ಲ. ಇಂತಹ ಅಕ್ಷರದ ಮುಂದೆ ಸಾಮಾನ್ಯವಾಗಿ ಇಂತಹುದು ಬರುತ್ತದೆಂಬ ಅಭ್ಯಾಸಬಲವೂ ಅವುಗಳಲ್ಲಿ ಕೆಲಸ ಮಾಡುತ್ತದೆ. ಅವುಗಳ ಅಭ್ಯಾಸವೋ ಇಂದಿನ ಪತ್ರಿಕೆಯ, ಪುಸ್ತಕದ ಕನ್ನಡ. ಹಳಗನ್ನಡದಲ್ಲಿ 'ಅರಿ' ಎಂದರೆ ಕತ್ತರಿಸು. ಶಕಟರೇಫವುಳ್ಳ 'ಅಱಿ' ಎಂದರೆ ತಿಳಿ. ನಾವು 'ಅರಿವೇ ಗುರು' ಎನ್ನುವಲ್ಲಿನ ಅರಿವು ಈ ಎರಡನೆಯದು. ಪ್ರಾಚೀನ ಪ್ರತಿಯಲ್ಲಿ ಕವಿ ಕಾಪಾಡಿದ ಭೇದವನ್ನು, ಅಭ್ಯಾಸವಿಲ್ಲದ ಯಂತ್ರವು ಮುಲಾಜಿಲ್ಲದೆ ಅಳಿಸಿ ಎರಡನ್ನೂ ಒಂದೇ ರಕಾರಕ್ಕೆ ತರುತ್ತದೆ. ಱಕಾರಕ್ಕೂ ೞಕಾರಕ್ಕೂ ಯೂನಿಕೋಡಿನಲ್ಲಿ ಸ್ಥಾನವಿಲ್ಲದೆ ಹೀಗಾಗುತ್ತಿದೆಯೆಂದಲ್ಲ, ಸ್ಥಾನವಿದೆ. ಯಂತ್ರಕ್ಕೆ ಅವುಗಳನ್ನು ಕಂಡ ರೂಢಿಯಿಲ್ಲ. ಅರ್ಥವಾಗದ ಪದವನ್ನು ಇದ್ದ ಹಾಗೆಯೇ ಬಿಟ್ಟು ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆಯಿಟ್ಟ ನಮ್ಮ ಹಿಂದಿನ ಸಂಪಾದಕರ ಪ್ರಾಮಾಣಿಕತೆಯನ್ನು ಈ ಯಂತ್ರಗಳಿಗೆ ಕಲಿಸುವುದು ಹೇಗೆಂಬುದೇ ನನ್ನ ದೃಷ್ಟಿಯಲ್ಲಿ ಮುಖ್ಯ ಪ್ರಶ್ನೆ.

ನೂರಕ್ಕೆ ತೊಂಬತ್ತೊಂಬತ್ತು ಸರಿಯೆಂಬ ಪ್ರಶಂಸೆಯನ್ನು ಕೇಳಿ ಹಿಗ್ಗುವವರು ಒಂದು ಲೆಕ್ಕವನ್ನು ಮಾಡಿ ನೋಡಲಿ. ಪುಟಕ್ಕೆ 1,500 ಅಕ್ಷರಗಳಾದರೆ ತಪ್ಪು 15. ಮುನ್ನೂರು ಪುಟದ ಪುಸ್ತಕಕ್ಕೆ 4,500. ಕಾದಂಬರಿಯಾದರೆ ಓದುಗನು ಸಹಿಸಿಕೊಂಡಾನು. ವಚನದ ಸಂಪುಟದಲ್ಲಿ ಸಹಿಸಲಾಗದು. ಹಾಗೆಂದು ಯಂತ್ರವೇ ಬೇಡವೆಂದು ಹೇಳುವ ಪಕ್ಷ ನನ್ನದಲ್ಲ. ಮುನ್ನೂರು ಪುಟವನ್ನು ಕೈಯಿಂದ ಬೆರಳಚ್ಚು ಮಾಡಿಸಿದರೂ ಕರಡು ತಿದ್ದದೆ ಗತಿಯಿಲ್ಲ. ಯಂತ್ರವು ಬೆರಳಚ್ಚಿನ ತಿಂಗಳುಗಳನ್ನು ಉಳಿಸಿ ಆ ಕಾಲವನ್ನು ಕರಡು ತಿದ್ದುವವರಿಗೆ ಕೊಟ್ಟರೆ ಅದು ಲಾಭವೇ. ನಮ್ಮಲ್ಲಿ ನಡೆಯುತ್ತಿರುವುದು ಅದಲ್ಲ. ಉಳಿದ ಕಾಲದಲ್ಲಿ ಇನ್ನೊಂದು ಪುಸ್ತಕವನ್ನು ಯಂತ್ರಕ್ಕೆ ಹಾಕುತ್ತಾರೆ.

ಕಲ್ಲಿನ ಕಡೆಗೂ ಹೊಸ ವಿದ್ಯೆ ತಿರುಗಿದೆ. 1909ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಮಿಥಿಕ್ ಸೊಸೈಟಿಯು 2021ರಿಂದ ಬೆಂಗಳೂರು ಸೀಮೆಯ ಶಾಸನಗಳನ್ನು ತ್ರಿಮಿತಿ ಸ್ಕ್ಯಾನರಿನಿಂದ ದಾಖಲಿಸುವ ಯೋಜನೆಯನ್ನು ಕೈಗೊಂಡಿತು. ಈ ಉಪಕರಣವು ಕಲ್ಲಿನ ಉಬ್ಬುತಗ್ಗುಗಳನ್ನು ಅತಿ ಸೂಕ್ಷ್ಮವಾಗಿ ಅಳೆದು ಗಣಕದಲ್ಲಿ ಅದರ ಪ್ರತಿರೂಪವನ್ನು ನಿಲ್ಲಿಸುತ್ತದೆ. ಬಳಿಕ ಯಾವ ಕಡೆಯಿಂದ ಬೇಕಾದರೂ ಬೆಳಕನ್ನು ಬೀರಿ ನೋಡಬಹುದು. ಓರೆ ಬಿಸಿಲಿಗಾಗಿ ಬೆಳಗಿನ ಜಾವದಲ್ಲಿ ಶಾಸನದ ಬಳಿ ಕಾದು ಕುಳಿತಿರುತ್ತಿದ್ದ ಕಾಲ ಹೋಯಿತೆನ್ನಬೇಕು. ಬಿಡಿ ಅಕ್ಷರಗಳ ಚಿತ್ರಗಳನ್ನೂ ಅವರು ಸಂಗ್ರಹಿಸುತ್ತಾ ಬಂದಿದ್ದಾರೆ. ನೊಳಂಬರ ಕಾಲದ ಕಕಾರಕ್ಕೂ ಲಕ್ಕಣ್ಣ ದಂಡೇಶನ ಕಾಲದ ಕಕಾರಕ್ಕೂ ಆಕೃತಿ ಬೇರೆ. ಹೀಗೆ ಶತಮಾನವಾರು ಅಕ್ಷರಮಾಲೆ ಸಿದ್ಧವಾದ ಹೊರತು ಯಾವ ಯಂತ್ರಕ್ಕೂ ಆವನಿಯ ಕಲ್ಲನ್ನು ಓದಲು ಕಲಿಸಲಾಗದು. ಅದಲ್ಲದೆ ಆ ಕಾಲಕ್ಕೆ ಕನ್ನಡ ತೆಲುಗುಗಳಿಗೆ ಲಿಪಿಭೇದವೂ ಇರಲಿಲ್ಲ. ಮುಳಬಾಗಿಲ ಸೀಮೆಯ ಒಂದು ಕಲ್ಲನ್ನು ತೋರಿಸಿ, ಇದು ಯಾವ ಭಾಷೆಯೆಂದು ಹೇಳಿ ಓದಿಸಬೇಕೆಂಬುದನ್ನು ಯಂತ್ರಕ್ಕೆ ಮೊದಲೇ ತಿಳಿಸಬೇಕಾದವನು ಮನುಷ್ಯನೇ.

ಈಗ ತಮ್ಮಲ್ಲಿ ಒಂದು ಬಿನ್ನಹ. ತಮ್ಮ ಮನೆಗಳ ಅಟ್ಟದ ಮೇಲೆ ಅಜ್ಜ ಮುತ್ತಜ್ಜಂದಿರ ಓಲೆಯ ಕಟ್ಟುಗಳಿರಬಹುದು. ಮಠಗಳ ಪತ್ರಿಕೆಗಳ ಹಿಂದಿನ ಸಂಪುಟಗಳಿರಬಹುದು. ಅವುಗಳ ಕಾಗದ ಈಗಾಗಲೇ ಅಂಚಿನಲ್ಲಿ ಉದುರುತ್ತಿರಬಹುದು. ಮುದ್ರಿತ ಸಂಚಿಕೆಗಳಾದರೆ ಅಂಗುಲಕ್ಕೆ 300 ಚುಕ್ಕೆಗಳಿಗೆ ಕಡಿಮೆಯಾಗದಂತೆ ಸ್ಕ್ಯಾನ್ ಮಾಡಿಸಿ. ಮೂಲಚಿತ್ರವನ್ನು ಎಂದಿಗೂ ಅಳಿಸಬೇಡಿ, ಯಂತ್ರ ಕೊಟ್ಟ ಬರಹವನ್ನು ಅದರ ಜೊತೆಗೇ ಇಡಿ. ಇಂದು ಅದು ತಪ್ಪು ಓದಿದ ಪುಟವನ್ನು ಹತ್ತು ವರ್ಷದ ಬಳಿಕ ಇನ್ನೊಂದು ಯಂತ್ರವು ಸರಿಯಾಗಿ ಓದೀತು. ಕೈಬರಹದ ಓಲೆಯನ್ನು ನೆಚ್ಚಿ ಓದಬಲ್ಲ ಕನ್ನಡ ಯಂತ್ರವನ್ನು ನಾನಿನ್ನೂ ಕಂಡಿಲ್ಲ. ಆದರೂ ಚಿತ್ರಗಳನ್ನು ಈಗಲೇ ತೆಗೆದಿಡಬಹುದು. ಒಂದು ಬದಿಯಿಂದ ಮಾತ್ರ ಬೆಳಕು ಬೀಳುವಂತೆ ಗರಿಯನ್ನು ಇಟ್ಟು ಚಿತ್ರ ತೆಗೆಯಿರಿ. ಪಕ್ಕದಲ್ಲಿ ಒಂದು ಅಳತೆಪಟ್ಟಿಯಿರಲಿ. ಎಣ್ಣೆಯನ್ನಾಗಲೀ ಮಸಿಯನ್ನಾಗಲೀ ತಾವಾಗಿ ಸವರಬೇಡಿ, ಅದನ್ನು ಬಲ್ಲವರಿಗೆ ಬಿಡಿ. ಕಟ್ಟಿನ ದಾರವನ್ನು ಬಿಚ್ಚುವ ಮುನ್ನ ಇಡೀ ಕಟ್ಟಿನದೊಂದು ಚಿತ್ರ, ಬಿಚ್ಚಿದ ಮೇಲೆ ಗರಿಗಳು ಇದ್ದ ಕ್ರಮದಲ್ಲಿಯೇ ಎರಡೂ ಮಗ್ಗುಲಿನ ಚಿತ್ರಗಳು ಇರಬೇಕು. ಗರಿಯ ಅಂಚಿನಲ್ಲಿ ಪತ್ರಸಂಖ್ಯೆಯಿದ್ದರೆ ಅದು ಚಿತ್ರದಿಂದ ಹೊರಗುಳಿಯದಂತೆ ನೋಡಿಕೊಳ್ಳಿ. ಬೇರೊಂದು ಗ್ರಂಥದ ಗರಿಗಳು ನಡುವೆ ಸೇರಿಕೊಂಡಿರುವಂತೆ ಕಂಡರೂ ಅವುಗಳನ್ನು ಪ್ರತ್ಯೇಕಿಸದೆ, ಇದ್ದಲ್ಲಿಯೇ ಬಿಟ್ಟು ದಾರವನ್ನು ಮತ್ತೆ ಪೋಣಿಸಿಡಿ.